ಕನ್ನಡಕ ತೆಗೆದರೆ ಕೆಲಸ ಮರೆತುಹೋಗುತ್ತೆ ಅಂದಿರಲ್ಲ, ಅದಕ್ಕೆ
ಎಆರ್ ಕನ್ನಡಕ (ಕಣ್ಣೆದುರಿನ ವಸ್ತುವಿನ ಮೇಲೇ ಸೂಚನೆ ತೋರಿಸುವ ಕನ್ನಡಕ) ಹಾಕಿ ಪಂಪ್ ಚೆನ್ನಾಗಿ ಜೋಡಿಸುವ ಹುಡುಗರು, ಅದನ್ನು ತೆಗೆದರೆ ಯಾಕೆ ತಡವರಿಸುತ್ತಾರೆ ಅಂತ ಪೀಣ್ಯದಿಂದ ಕೇಳಿದ್ದೀರಿ. ತಪ್ಪು ಹುಡುಗರದ್ದಲ್ಲ ಸರ್. ಕನ್ನಡಕ ತೋರಿಸುವ ಬಾಣ ಬೋಲ್ಟಿನ ಮೇಲೇ ಕೂತಿದ್ದರೆ ತಲೆಗೆ ಕೆಲಸವೇ ಇಲ್ಲ, ಅಲ್ವಾ? ಮೊದಲು ಹುಡುಗನೇ ಮುಂದಿನ ಬೋಲ್ಟ್ ಬೆರಳಿಟ್ಟು ತೋರಿಸಲಿ, ಆಮೇಲೆ ಬಾಣ ಬರಲಿ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಪಾಠ ಓದಿಸಿ, ಕೆಲವರಿಗೆ ಮತ್ತೆ ಓದಲು, ಕೆಲವರಿಗೆ ನೆನಪಿನಿಂದ ಬರೆಯಲು ಹೇಳಿ ನೋಡಿದ್ದರು. 5 ನಿಮಿಷದ ನಂತರ ಪರೀಕ್ಷಿಸಿದಾಗ, ಮತ್ತೆ ಓದಿದವರು ಮುಂದಿದ್ದರು. ವಾರ ಕಳೆದಾಗ, ನೆನಪಿನಿಂದ ಬರೆದವರೇ ಮುಂದೆ. ಕೈಕೆಲಸಕ್ಕೂ ಇದನ್ನು ಖಂಡಿತ ಮಾಡಿ ನೋಡಿ.

ಎದುರುಬದುರು ಬೋಲ್ಟ್ ಯಾಕೆ ಬಿಗಿಯಬೇಕು ಅನ್ನೋದನ್ನೂ ಅಲ್ಲೇ ತೋರಿಸಿ. ಸುಮ್ನೆ ಒಂದೇ ಕಡೆಯಿಂದ ಬಿಗಿದರೆ ಗ್ಯಾಸ್ಕೆಟ್ (ಜೋಡಣೆಯ ನಡುವೆ ಸೋರದಂತೆ ಇಡುವ ಪದರ) ಮೇಲೆ ಒತ್ತಡ ಸಮನಾಗಿ ಬೀಳಲ್ಲ, ನೀರು ಸೋರುತ್ತದೆ. ದಿನ ಕಳೆದಂತೆ ಬಾಣಗಳನ್ನು ಒಂದೊಂದಾಗಿ ಕಡಿಮೆ ಮಾಡುತ್ತಾ ಬನ್ನಿ.