ಐ7 ಅಂತ ಬರೆದಿದ್ದರೆ ಸಾಕಾ? ಕಡಿಮೆ ಬಜೆಟ್ಟಿನ ಡೆಸ್ಕ್‌ಟಾಪ್ ಬಗ್ಗೆ

ನೀವು ಕೇಳಿರುವುದು ಎರಡು ಡೆಸ್ಕ್‌ಟಾಪ್ ಬಗ್ಗೆ. ಒಂದು, ಕಂಪನಿಯೇ ಮಾಡಿದ ಸ್ಲಿಮ್ ಬಾಕ್ಸ್: ಇಂಟೆಲ್‌ನ ಐ3-12100 ಪ್ರೊಸೆಸರ್, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ. ಇನ್ನೊಂದು ಅಂಗಡಿಯವರು ಬಿಡಿಭಾಗ ಜೋಡಿಸಿ ಅಸೆಂಬಲ್ ಮಾಡಿದ್ದು: ಇಂಟೆಲ್‌ನದೇ ಐ7, 16 ಜಿಬಿ, 512 ಜಿಬಿ, ಮುಂದೆ ಬಣ್ಣಬಣ್ಣದ ಲೈಟು. ಬೆಲೆ ಹೆಚ್ಚುಕಮ್ಮಿ ಒಂದೇ. ಕೆಲಸ ಅಂದರೆ ಬ್ರೌಸರ್, ಎಕ್ಸೆಲ್, ಮಕ್ಕಳ ಆನ್‌ಲೈನ್ ಪಾಠ, ಸ್ವಲ್ಪ ಫೋಟೋ ಎಡಿಟಿಂಗ್. ಮುಂದೆ ಅಪ್‌ಗ್ರೇಡ್ ಆಗಬೇಕು. ಐ7 ತಾನೇ ಮೇಲು ಅಂತ ನಿಮ್ಮ ಲೆಕ್ಕ. ನನ್ನ ಪ್ರಕಾರ ಅಲ್ಲ.

ನೀವು ಹಾಕಿದ ಫೋಟೋದಲ್ಲೇ ಸಣ್ಣ ಅಕ್ಷರದಲ್ಲಿದೆ ನೋಡಿ: ಐ7-3770. ಅದು 3ನೇ ಜನರೇಶನ್, 2012ರದ್ದು. 12100 ಬಂದಿದ್ದು 2022ರಲ್ಲಿ. ಎರಡರಲ್ಲೂ 4 ಕೋರ್ (ಕೆಲಸ ಮಾಡುವ ಘಟಕ), 8 ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲು). ಅಂದರೆ ಆ 'ಐ7' ಅನ್ನುವ ಹೆಸರಿಗೆ ಇಲ್ಲಿ ಒಂದು ಕೋರೂ ಜಾಸ್ತಿ ಸಿಗುವುದಿಲ್ಲ. ಮೇಲಾಗಿ ಹೊಸ ಐ3ಯ ಒಂದೊಂದು ಕೋರೂ ಹಳೆಯದಕ್ಕಿಂತ ತುಂಬಾ ಚುರುಕು. ಯೂಟ್ಯೂಬಿನ 4ಕೆ ವಿಡಿಯೋ ಹಾಕಿದರೆ ಗೊತ್ತಾಗುತ್ತದೆ. 12100ರ ಒಳಗಿನ ಗ್ರಾಫಿಕ್ಸ್ ಆ ಕೆಲಸವನ್ನು ತಾನೇ ನೋಡಿಕೊಳ್ಳುತ್ತದೆ. 3770ರಲ್ಲಿ ಎಲ್ಲ ಭಾರ ಪ್ರೊಸೆಸರ್ ಮೇಲೆ ಬೀಳುತ್ತದೆ, ಫ್ಯಾನ್ ಕೂಗಲು ಶುರು ಮಾಡುತ್ತದೆ.

ವಿಂಡೋಸ್ ಕಥೆಯೂ ಇದೆ. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಇಂಟೆಲ್‌ನಲ್ಲಿ ಸಾಮಾನ್ಯವಾಗಿ 8ನೇ ಜನರೇಶನ್ನಿಗಿಂತ ಹಳೆಯದನ್ನು ಒಪ್ಪುವುದಿಲ್ಲ. ಏನೋ ಮಾಡಿ ಹಾಕಿಕೊಡುತ್ತೇವೆ ಅಂತ ಅಂಗಡಿಯವರು ಅಂತಾರೆ, ಹಾಕಿಯೂ ಕೊಡಬಹುದು. ಮುಂದೆ ಅಪ್‌ಡೇಟ್ ಬರುತ್ತದೆ ಅನ್ನುವ ಭರವಸೆ ಇಲ್ಲ. ವಿಂಡೋಸ್ ಬದಲು ಲಿನಕ್ಸ್ ಹಾಕುವವರಾದರೆ ಮಾತು ಬೇರೆ. ಇನ್ನು ಆ ಐ7 ಡೆಸ್ಕ್‌ಟಾಪಿನ 16 ಜಿಬಿ ರ‍್ಯಾಮ್ ಡಿಡಿಆರ್3 ಅನ್ನುವ ಹಳೆಯ ಬಗೆಯದು. ನಾಳೆ ಬೋರ್ಡ್ (ಎಲ್ಲ ಭಾಗ ಕೂರುವ ಮದರ್‌ಬೋರ್ಡ್) ಬದಲಾಯಿಸಿದರೆ ಅದೂ ಕೆಲಸಕ್ಕೆ ಬಾರದು. ಅಪ್‌ಗ್ರೇಡ್ ಅಂದರೆ ಅಲ್ಲಿ ಪ್ರೊಸೆಸರ್, ಬೋರ್ಡ್, ರ‍್ಯಾಮ್ ಮೂರೂ ಹೊಸದು ತರಬೇಕು.

ನಾನು ನೋಡುವುದು ಹೀಗೆ: ರ‍್ಯಾಮ್, ಎಸ್‌ಎಸ್‌ಡಿ ಕಮ್ಮಿ ಇದ್ದರೆ ಆಮೇಲೆ ಹಾಕಿಕೊಳ್ಳಬಹುದು. ಬೋರ್ಡ್, ಪವರ್ ಸಪ್ಲೈ, ಕ್ಯಾಬಿನೆಟ್ ಸರಿಯಿಲ್ಲದಿದ್ದರೆ ಅಲ್ಲೇ ಸಿಕ್ಕಿಬೀಳುತ್ತೀರಿ.

ಹಾಗಂತ ಸ್ಲಿಮ್ ಬಾಕ್ಸನ್ನು ಕಣ್ಣುಮುಚ್ಚಿ ತೆಗೆದುಕೊಳ್ಳಬೇಡಿ. ವಿಂಡೋಸ್ 11 ಸುಮ್ನೆ ಆನ್ ಆಗಿ ಕೂತಿದ್ದರೇ 3-4 ಜಿಬಿ ತಿನ್ನುತ್ತದೆ. ಹತ್ತು ಟ್ಯಾಬ್ ತೆರೆದು ಮೇಲೊಂದು ವಿಡಿಯೋ ಕಾಲ್ ಅಂದರೆ 8 ಜಿಬಿ ಏದುಸಿರು ಬಿಡುತ್ತದೆ. ಇನ್ನೊಂದು 8 ಹಾಕಲೇಬೇಕಾಗುತ್ತದೆ, ಅದಕ್ಕೆ ಜಾಗ ಇದೆಯಾ ಅನ್ನುವುದೇ ಪ್ರಶ್ನೆ. ಅಂಗಡಿಯಲ್ಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ನೋಡಿ. 'ಸ್ಲಾಟ್ಸ್ ಯೂಸ್ಡ್' ಮುಂದೆ '1 ಆಫ್ 2' ಅಂತಿದ್ದರೆ ಒಳ್ಳೇದು. '2 ಆಫ್ 2' ಅಂತಿದ್ದರೆ ಎರಡು 4 ಜಿಬಿ ಹಾಕಿದ್ದಾರೆ, ಮುಂದೆ ಎರಡನ್ನೂ ತೆಗೆಯಬೇಕು. ಒಂದೇ ಥರದ ಎರಡು ಸ್ಟಿಕ್ ಇದ್ದರೆ ಒಳಗಿನ ಗ್ರಾಫಿಕ್ಸಿಗೂ ಅನುಕೂಲ, ಯಾಕಂದ್ರೆ ಅದು ಬಳಸುವುದು ಇದೇ ರ‍್ಯಾಮನ್ನು. ಡಿಡಿಆರ್4 ಆ, 5 ಆ ಅಂತಲೂ ಕೇಳಿಕೊಳ್ಳಿ. 12100 ಎರಡಕ್ಕೂ ಸೈ, ಆದರೆ ಬೋರ್ಡಿನಲ್ಲಿ ಕೂರುವುದು ಯಾವುದೋ ಒಂದೇ.

256 ಜಿಬಿ ಬೇಗ ತುಂಬುತ್ತದೆ. ಇನ್ನೊಂದು ಡ್ರೈವ್ ಹಾಕಲು ಸಾಟಾ ಪೋರ್ಟು (ಡ್ರೈವಿನ ವೈರು ಸಿಕ್ಕಿಸುವ ಕಂಡಿ), ಜಾಗ, ಪವರ್ ವೈರು ಇದ್ದರೆ ಸಾಕು. ಇನ್ನೂ ವೇಗದ ಬಗೆಯಾದ ಎನ್‌ವಿಎಂಇ ಆಗಲಿ ಸಾಟಾ ಎಸ್‌ಎಸ್‌ಡಿ ಆಗಲಿ, ನಿಮ್ಮ ಕೆಲಸಕ್ಕೆ ವ್ಯತ್ಯಾಸ ಕಾಣಿಸದು.

ಗೇಮ್‌ಗೆ ಬೇಕಾಗುವ ಗ್ರಾಫಿಕ್ಸ್ ಕಾರ್ಡ್ ವಿಚಾರದಲ್ಲಿ ಮಾತ್ರ ಸ್ಲಿಮ್ ಬಾಕ್ಸ್ ಕೈಕೊಡುತ್ತದೆ. ಗಿಡ್ಡ ಕಾರ್ಡ್ ಅಷ್ಟೇ ಕೂರುತ್ತದೆ. ಸ್ಲಾಟಿನಿಂದ ಹೆಚ್ಚೆಂದರೆ 75 ವ್ಯಾಟ್, ಬೇರೆ ಪವರ್ ವೈರು ಸಾಮಾನ್ಯವಾಗಿ ಇರುವುದಿಲ್ಲ. ಪವರ್ ಸಪ್ಲೈ ಬದಲಾಯಿಸೋಣ ಅಂದರೆ ಎಷ್ಟೋ ಕಂಪನಿಗಳ ಬಾಕ್ಸಿನಲ್ಲಿ ಅದರ ಅಳತೆ, ಕನೆಕ್ಟರ್ ಎಲ್ಲ ಅವರದ್ದೇ. ಹೊರಗಿನದು ಹೊಂದುವುದಿಲ್ಲ.

ಮುಂದೆ ಗೇಮ್ ಆಡುವ ಆಸೆ ನಿಜವಾಗಿಯೂ ಇದ್ದರೆ ಅಸೆಂಬಲ್ ಮಾಡಿಸಿ, ಆದರೆ ಇದೇ 12100 ಹಾಕಿಸಿ. ಎಚ್610 ಬೋರ್ಡ್ ಸಾಕು. ಬಯೋಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿಕೊಂಡರೆ ಅದೇ ಸಾಕೆಟ್ಟಿನಲ್ಲಿ 13, 14ನೇ ಜನರೇಶನ್ನಿನ ಐ5 ಕೂರುತ್ತದೆ. ಹೆಸರಿರುವ ಕಂಪನಿಯ 450 ವ್ಯಾಟ್ ಪವರ್ ಸಪ್ಲೈ ಕೇಳಿ, ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವುದು ಬೇಡ. ಬಿಲ್ಲಿನಲ್ಲಿ 12100ಎಫ್ ಅಂತ ಬಂದಿದೆಯಾ ನೋಡಿ. ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ, ಬೇರೆ ಕಾರ್ಡ್ ಹಾಕುವ ತನಕ ಮಾನಿಟರಿನಲ್ಲಿ ಏನೂ ಬರುವುದಿಲ್ಲ.

ಗೇಮ್ ಇಲ್ಲ ಅಂದರೆ ಸ್ಲಿಮ್ ಬಾಕ್ಸೇ ಸರಿ. ರ‍್ಯಾಮ್ ಹಾಕಲು ನಾವೇ ತೆರೆದರೆ ವಾರಂಟಿ ಹೋಗುತ್ತದಾ ಅಂತ ಮೊದಲೇ ಕೇಳಿಬಿಡಿ. ಸಾಧ್ಯವಾದರೆ ಪವರ್ ಸಪ್ಲೈ ಮೇಲಿನ ಸ್ಟಿಕ್ಕರ್ ಮತ್ತು ಮೆಮೊರಿ ಪುಟದ ಫೋಟೋ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.