ಜಿಮ್ ಬ್ಯಾಗಿನಲ್ಲಿ ಸಿಕ್ಕ ಇಂಜೆಕ್ಷನ್

ದಾವಣಗೆರೆಯಿಂದ ತಾಯಿಯೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. 23 ವರ್ಷದ ಮಗನ ಜಿಮ್ ಬ್ಯಾಗಿನಲ್ಲಿ ಮೆಫೆಂಟರ್ಮಿನ್ ಇಂಜೆಕ್ಷನ್ ಬಾಟಲಿ, ಸಿರಿಂಜು ಸಿಕ್ಕಿವೆ. ಕೇಳಿದರೆ, ‘ಇದು ಡ್ರಗ್ಸ್ ಅಲ್ಲಮ್ಮ, ಆಸ್ಪತ್ರೆಯಲ್ಲೇ ಕೊಡೋ ಔಷಧಿ. ನನ್ನ ಇಸಿಜಿನೂ ನಾರ್ಮಲ್ ಇದೆ’ ಅಂದನಂತೆ. ನಂಬಬಹುದಾ ಎಂದು ಅವರು ಕೇಳಿದ್ದಾರೆ.

ಅಮ್ಮಾ, ಆಸ್ಪತ್ರೆಯಲ್ಲಿ ಕೊಡುವುದು ನಿಜ. ಸಿಸೇರಿಯನ್‌ಗೆ ಬೆನ್ನಿಗೆ ಅರಿವಳಿಕೆ ಕೊಟ್ಟಾಗ ಕೆಲವರ ಬಿಪಿ ಕುಸಿಯುತ್ತದೆ. ಅದನ್ನು ಎತ್ತಲು ಈ ಔಷಧಿ. ಅಲ್ಲಿ ಮಾನಿಟರ್ ಇರುತ್ತದೆ, ಪಕ್ಕದಲ್ಲೇ ಅರಿವಳಿಕೆ ಡಾಕ್ಟರ್ ಇರುತ್ತಾರೆ. ನಿಮ್ಮ ಮಗನ ಬಿಪಿ ಕುಸಿದಿಲ್ಲವಲ್ಲ! ಭಾರ ಎತ್ತುವಾಗ ಬಿಪಿ ಹೇಗೂ ಜಿಗಿಯುತ್ತದೆ. ಅದರ ಮೇಲೆ ಇದು ನರಗಳಿಂದ ನಾರ್‌ಅಡ್ರಿನಲಿನ್ ಎಂಬ, ಬಿಪಿ ಏರಿಸುವ ರಾಸಾಯನಿಕವನ್ನು ಹೊರಡಿಸುತ್ತದೆ. ರಕ್ತನಾಳ ಬಿಗಿಯುತ್ತದೆ, ಹೃದಯದ ಕೆಲಸ ಜಾಸ್ತಿಯಾಗುತ್ತದೆ, ಬಡಿತದ ಲಯ ತಪ್ಪಬಹುದು. ಮತ್ತೆ ಮತ್ತೆ ಚುಚ್ಚಿಕೊಂಡರೆ ನರಗಳಲ್ಲಿನ ಅದರ ದಾಸ್ತಾನು ಮುಗಿಯುತ್ತದೆ, ಮೊದಲಿನ ಜೋಶ್ ಸಿಗುವುದಿಲ್ಲ. ಆಗ ಹುಡುಗರು ಡೋಸ್ ಏರಿಸುತ್ತಾರೆ. ಡ್ರಗ್ಸ್ ಅಲ್ಲ ಅನ್ನುವ ಮಾತೂ ನಿಲ್ಲುವುದಿಲ್ಲ. ಕ್ರೀಡೆಯಲ್ಲಿ ನಿಷೇಧಿಸಿದ ಉತ್ತೇಜಕಗಳ ಪಟ್ಟಿಯಲ್ಲೇ ಇದರ ಹೆಸರಿದೆ.

ಇಸಿಜಿ ತೋರಿಸುವುದು ಅದನ್ನು ತೆಗೆದ ಹೊತ್ತಿನ ಹೃದಯವನ್ನು. ಉತ್ತೇಜಕಗಳ ದೊಡ್ಡ ಅಪಾಯ ಇರುವುದು ತೆಗೆದುಕೊಂಡ ಮೇಲಿನ ಕೆಲವು ಗಂಟೆಗಳಲ್ಲಿ. ಕೊಕೇನ್ ಬಗ್ಗೆ ಅಮೆರಿಕದಲ್ಲಿ 1999ರಲ್ಲಿ ಬಂದ ಅಧ್ಯಯನದ ಪ್ರಕಾರ, ಮೊದಲ ಒಂದು ಗಂಟೆಯಲ್ಲಿ ಹೃದಯಾಘಾತದ ಅಪಾಯ ಸುಮಾರು 24 ಪಟ್ಟು ಏರುತ್ತದೆ. ಮೆಫೆಂಟರ್ಮಿನ್ ಬೇರೆ ವಸ್ತು, ಲೆಕ್ಕವೂ ಬೇರೆ ಇರಬಹುದು, ಆದರೆ ಒತ್ತಡ ಬೀಳುವ ದಾರಿ ಹತ್ತಿರದ್ದೇ. ‘ಗಟ್ಟಿ ಮೈ, ಏನಾಗಲ್ಲ’ ಅನ್ನುವವರಿಗೆ ಬ್ರಿಟನ್ನಿನ ಸೈಕಲ್ ಪಟು ಟಾಮ್ ಸಿಂಪ್ಸನ್ ನೆನಪಾಗಬೇಕು. 1967ರ ಜುಲೈ 13ರಂದು ಟೂರ್ ಡಿ ಫ್ರಾನ್ಸ್ ರೇಸಿನಲ್ಲಿ ಮಾಂಟ್ ವೆಂಟೂ ಬೆಟ್ಟ ಹತ್ತುತ್ತಾ ಬಿದ್ದು ಸತ್ತರು. ವಯಸ್ಸು 29. ಸುಡುಬಿಸಿಲು, ಮದ್ಯ, ಆಂಫೆಟಮಿನ್ ಎಂಬ ಉತ್ತೇಜಕ ಮೂರೂ ಸೇರಿದ್ದವು.

ವರ್ಷಗಟ್ಟಲೆ ಉತ್ತೇಜಕ ತೆಗೆದುಕೊಂಡರೆ ಹೃದಯದ ಸ್ನಾಯುವೇ ಸೋಲಬಹುದು. ಅದು ಎಕೋದಲ್ಲಿ (ಹೃದಯದ ಸ್ಕ್ಯಾನ್) ಗೊತ್ತಾಗುತ್ತದೆ. ಬೇಗ ಬಿಟ್ಟರೆ ಎಷ್ಟೋ ಜನರಲ್ಲಿ ಚೇತರಿಸಿಕೊಳ್ಳುವುದೂ ಉಂಟು.

ಬೈದರೆ ಅವನು ಬಚ್ಚಿಡುತ್ತಾನೆ, ಅಷ್ಟೇ. ಹೃದ್ರೋಗ ತಜ್ಞರ ಹತ್ತಿರ ಕರೆದುಕೊಂಡು ಹೋಗಿ, ಬಾಟಲಿಯನ್ನೂ ತೋರಿಸಿ. ಬಿಡಲು ಆಗುತ್ತಿಲ್ಲ ಅಂದರೆ ಮನೋವೈದ್ಯರು ಬೇಕು. ವ್ಯಸನಮುಕ್ತಿ ಸಹಾಯವಾಣಿ 14446 ಉಚಿತ. ಎದೆನೋವು, ಉಸಿರಾಟದ ತೊಂದರೆ, ತಲೆ ತಿರುಗಿ ಬೀಳುವುದು ಆದರೆ ತಡಮಾಡದೆ 108ಕ್ಕೆ ಫೋನ್ ಮಾಡಿ. ಇಂಜೆಕ್ಷನ್ ವಿಷಯ ಡಾಕ್ಟರಿಗೆ ಮುಚ್ಚಿಡಬೇಡಿ. ಹೃದಯ ಜೋರಾಗಿ ಬಡಿಯುವಾಗ ಸಾಮಾನ್ಯವಾಗಿ ಕೊಡುವ ಬೀಟಾ ಬ್ಲಾಕರ್ ಮಾತ್ರೆಗಳನ್ನು ಇಂಥ ರೋಗಿಗೆ ಯೋಚಿಸಿ ಕೊಡಬೇಕಾಗುತ್ತದೆ.

ಇದು ಡಾಕ್ಟರ್ ಚೀಟಿ ಇಲ್ಲದೆ ಮಾರುವ ಔಷಧಿಯಲ್ಲ. ಅವನಿಗೆ ಮಾರಿದವರು ಯಾರು ಅಂತ ಕೇಳಿ ತಿಳಿದುಕೊಳ್ಳಿ. ಔಷಧ ನಿಯಂತ್ರಣ ಇಲಾಖೆಗೆ ದೂರು ಕೊಡಬಹುದು. ಆ ಜಿಮ್‌ನಲ್ಲಿ ಚುಚ್ಚಿಕೊಳ್ಳುತ್ತಿರುವುದು ನಿಮ್ಮ ಮಗ ಒಬ್ಬನೇ ಇರಲಾರ.

– ಸಂಪಾದಕ