ಮೊದಲು ಕಲ್ಚರ್, ಆಮೇಲೆ ಗುಳಿಗೆ

ಹಾವೇರಿ ಜಿಲ್ಲೆಯ ಓದುಗರೊಬ್ಬರು ಬರೆದಿದ್ದಾರೆ: "ಡಾಕ್ಟರನ್ನು ಕೇಳದೆ ಆ್ಯಂಟಿಬಯಾಟಿಕ್ ನುಂಗಬೇಡಿ ಅಂತ ನೀವು ಹಾಕಿದ ಲೇಖನ ಓದಿದೆ. ನಮ್ಮ ಅತ್ತೆಗೆ ಪದೇ ಪದೇ ಉರಿಮೂತ್ರ. ಮೆಡಿಕಲ್ ಶಾಪಿನವರು ಐವತ್ತು ರೂಪಾಯಿಗೆ ಎರಡು ದಿನದ ಗುಳಿಗೆ ಕೊಡ್ತಾರೆ. ಡಾಕ್ಟರು, ಕಲ್ಚರ್ (ಮೂತ್ರದಲ್ಲಿರೋ ಬ್ಯಾಕ್ಟೀರಿಯಾ ಬೆಳೆಸಿ ಯಾವ ಔಷಧಿ ನಾಟುತ್ತೆ ಅಂತ ನೋಡುವ ಪರೀಕ್ಷೆ) ಅಂತ ಹೋದರೆ ಸಾವಿರದ ಹತ್ತಿರ ಆಗುತ್ತೆ. ರಿಪೋರ್ಟಿಗೆ ಮೂರು ದಿನ ಕಾಯಬೇಕು. ಬಡವರು ಏನು ಮಾಡಬೇಕು?"

ನಿಮ್ಮ ಲೆಕ್ಕ ಸರಿ. ಕೂಲಿ ಬಿಟ್ಟು ಆಸ್ಪತ್ರೆಯ ಸಾಲಿನಲ್ಲಿ ನಿಲ್ಲೋದು ಕಷ್ಟ, ಒಪ್ಪಿದೆ. ಆದರೆ 'ಪದೇ ಪದೇ' ಅಂತ ನೀವೇ ಬರೆದಿದ್ದೀರಲ್ಲ, ನನ್ನ ಕಣ್ಣು ಅಲ್ಲೇ ನಿಂತಿತು. ಪ್ರತಿ ಸಲ ಕೊಟ್ಟ ಆ ಗುಳಿಗೆ ಕೆಲಸ ಮಾಡಿತೋ ಇಲ್ಲವೋ ಅಂತ ಯಾರಾದರೂ ನೋಡಿದ್ದಾರಾ?

ಅಂಗಡಿಯವರು ಸ್ಟ್ರಿಪ್ಪಿಗೆ ಕತ್ತರಿ ಹಾಕಿ ನಾಲ್ಕು ಗುಳಿಗೆ ಕೊಡುತ್ತಾರೆ. ಔಷಧಿಯ ಹೆಸರು, ಎಕ್ಸ್‌ಪೈರಿ ತಾರೀಖು ಎಷ್ಟೋ ಸಲ ಉಳಿದ ತುಂಡಿನಲ್ಲೇ ಹೋಗುತ್ತೆ. ಮುಂದೆ ಡಾಕ್ಟರು "ಏನು ತಗೊಂಡಿದ್ರಿ?" ಅಂದರೆ "ಬಿಳಿ ಗುಳಿಗೆ" ಅನ್ನೋದು ಬಿಟ್ಟು ನಿಮ್ಮ ಅತ್ತೆಗೆ ಬೇರೆ ಉತ್ತರ ಇರೋದಿಲ್ಲ.

ಮೂತ್ರದ ಸೋಂಕಿಗೆ ಹೆಚ್ಚಾಗಿ ಕಾರಣ ಇ. ಕೋಲೈ. ಅದು ನಮ್ಮ ಕರುಳಿನಲ್ಲೇ ಇರುವ ಬ್ಯಾಕ್ಟೀರಿಯಾ. ಔಷಧಿಗೆ ಬಗ್ಗದಂತೆ ಮಾಡುವ ಜೀನ್‌ಗಳು ಅದರೊಳಗೆ ಬಹಳ ಸಲ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದಲ್ಲಿರುತ್ತವೆ. ಒಂದು ಬ್ಯಾಕ್ಟೀರಿಯಾ ಪಕ್ಕದ್ದಕ್ಕೆ, ಬೇರೆ ಜಾತಿಯದ್ದಾದರೂ ಸರಿ, ಆ ಉಂಗುರದ ನಕಲನ್ನು ದಾಟಿಸಿಬಿಡುತ್ತೆ. ಅದರಲ್ಲಿ ಒಂದೇ ಜೀನ್ ಇರಬೇಕೆಂದೇನಿಲ್ಲ, ಮೂರ್ನಾಲ್ಕು ಬಗೆಯ ಔಷಧಿಗಳನ್ನು ತಡೆಯುವ ಜೀನ್‌ಗಳು ಒಟ್ಟಿಗೇ ಇರಬಹುದು. ಗುಳಿಗೆ ನುಂಗಿದಾಗ ಉಳಿದವು ಸತ್ತು, ಆ ಉಂಗುರ ಇರುವವೇ ಬದುಕಿ ಬೆಳೆಯುತ್ತವೆ. ಹಾಗಾಗಿ ನೀವು ತಗೊಂಡಿದ್ದು ಒಂದು ಔಷಧಿ, ಕೈಬಿಟ್ಟು ಹೋಗೋದು ನಾಲ್ಕು.

ಸಿಟಿಎಕ್ಸ್-ಎಂ-15 ಅನ್ನೋ ಜೀನ್ ಇದ್ದರೆ ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್ ಎಂಬ ಆ್ಯಂಟಿಬಯಾಟಿಕ್‌ಗಳು ನಾಟೋದಿಲ್ಲ. 2001ರಲ್ಲಿ ಅದನ್ನು ಮೊದಲು ವರದಿ ಮಾಡಿದ್ದು ದೆಹಲಿಯ ರೋಗಿಗಳ ಸ್ಯಾಂಪಲ್‌ಗಳಿಂದ. 2008ರಲ್ಲಿ, ದೆಹಲಿಯ ಆಸ್ಪತ್ರೆಯಲ್ಲಿದ್ದು ಸ್ವೀಡನ್‌ಗೆ ಮರಳಿದ ಭಾರತೀಯ ಮೂಲದ ರೋಗಿಯೊಬ್ಬರ ಮೂತ್ರದಲ್ಲಿ ಎನ್‌ಡಿಎಂ-1 ಸಿಕ್ಕಿತು. ಕೊನೆಯ ಅಸ್ತ್ರ ಅಂತ ಇಟ್ಟುಕೊಂಡಿದ್ದ ಕಾರ್ಬಾಪೆನೆಮ್ ಇಂಜೆಕ್ಷನ್‌ಗಳನ್ನೂ ಕೆಡಿಸುವ ಜೀನ್ ಅದು. ಅದಕ್ಕೆ ನವದೆಹಲಿಯ ಹೆಸರಿಟ್ಟರು ಅಂತ ಇಲ್ಲಿ ದೊಡ್ಡ ಗಲಾಟೆ ಆಯಿತು. 2011ರಲ್ಲಿ ಅದೇ ಜೀನ್ ದೆಹಲಿಯ ನಲ್ಲಿ ನೀರಲ್ಲೂ ಸಿಕ್ಕಿತು ಅಂದಾಗ ಅಷ್ಟು ಸಿಟ್ಟು ಯಾರಿಗೂ ಬರಲಿಲ್ಲ. ನನಗೆ ಇವತ್ತಿಗೂ ಹೊಟ್ಟೆ ಉರಿಯೋದು ಅದಕ್ಕೇ.

ಈಗ ಕಲ್ಚರ್ ವಿಷಯ. ಸಾಧ್ಯವಾದರೆ ಯಾವ ಲ್ಯಾಬಿಗಾದರೂ ಹೋಗಿ, ತೋರಿಸಿ ಅಂತ ಕೇಳಿ ನೋಡಿ. ಗಾಜಿನ ತಟ್ಟೆಯ ತುಂಬ ಬ್ಯಾಕ್ಟೀರಿಯಾ ಬೆಳೆದು ಮಸುಕಾಗಿರುತ್ತೆ. ಅದರ ಮೇಲೆ ಔಷಧಿ ಹಚ್ಚಿದ ಸಣ್ಣ ಸಣ್ಣ ಕಾಗದದ ಬಿಲ್ಲೆಗಳು. ನಾಟುವ ಔಷಧಿಯ ಸುತ್ತ ಏನೂ ಬೆಳೆಯದ ತಿಳಿ ವೃತ್ತ ಬಿದ್ದಿರುತ್ತೆ. ನಾಟದ ಔಷಧಿಯಾದರೆ ಬ್ಯಾಕ್ಟೀರಿಯಾ ಬಿಲ್ಲೆಯ ಅಂಚಿನವರೆಗೂ ಬಂದು ನಿಂತಿರುತ್ತೆ. ಟೆಕ್ನೀಷಿಯನ್ ಸ್ಕೇಲ್ ಹಿಡಿದು ಆ ವೃತ್ತ ಅಳೆದೇ ರಿಪೋರ್ಟಿನಲ್ಲಿ ಎಸ್ ಅಥವಾ ಆರ್ ಬರೆಯೋದು. ಎಸ್ ಅಂದರೆ ನಾಟುತ್ತೆ, ಆರ್ ಅಂದರೆ ಇಲ್ಲ. ಎಷ್ಟೋ ಸಲ ಎಸ್ ಅಂತ ಬರೋದು ನೈಟ್ರೋಫ್ಯೂರಾಂಟಾಯಿನ್ ಎಂಬ 1950ರ ದಶಕದ ಹಳೇ, ಅಗ್ಗದ ಗುಳಿಗೆಗೆ. ಕಿಡ್ನಿವರೆಗೆ ಸೋಂಕು ಹೋಗಿದ್ದರೆ ಅದು ಸಾಲದು, ಹಾಗಾಗಿ ಡಾಕ್ಟರೇ ಹೇಳಬೇಕು. ಸ್ಯಾಂಪಲ್ ಮಾತ್ರ ಗುಳಿಗೆ ನುಂಗುವ ಮೊದಲೇ ಕೊಡಿ. ಜ್ವರ, ಚಳಿ, ಸೊಂಟನೋವು ಇದ್ದರೆ ರಿಪೋರ್ಟಿಗೆ ಕಾಯದೆ ಅವತ್ತೇ ಡಾಕ್ಟರ ಹತ್ತಿರ ಹೋಗಿ.

ಇಷ್ಟು ಹೇಳಿ ನಿಮ್ಮೊಬ್ಬರನ್ನೇ ಗದರಿಸಿದರೆ ಅನ್ಯಾಯವಾಗುತ್ತೆ. ಕೆಲವು ಔಷಧಿಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅನ್ನೋ ಶೆಡ್ಯೂಲ್ ಎಚ್1 ನಿಯಮ ಬಂದಿದ್ದು 2013ರಲ್ಲಿ. ಸೆಫಿಕ್ಸಿಮ್ ಆ ಪಟ್ಟಿಯಲ್ಲಿದೆ. ಮಾರಿದಾಗಲೆಲ್ಲ ಅಂಗಡಿಯವರು ಡಾಕ್ಟರ, ರೋಗಿಯ ಹೆಸರನ್ನು ಒಂದು ಪುಸ್ತಕದಲ್ಲಿ ಬರೆದು ಅದನ್ನು ಮೂರು ವರ್ಷ ಇಡಬೇಕು. ನಿಮ್ಮೂರಿನಲ್ಲಿ ಆ ಪುಸ್ತಕ ಯಾರು ತೆಗೆದು ನೋಡಿದ್ದಾರೆ? ಹೈದರಾಬಾದ್ ಪಕ್ಕದ ಪಟಾನ್‌ಚೆರುವಿನಲ್ಲಿ ಔಷಧಿ ಕಾರ್ಖಾನೆಗಳ ಕೊಳೆನೀರು ಶುದ್ಧ ಮಾಡುವ ಘಟಕದಿಂದ ಹೊರಬಂದ ನೀರನ್ನು ಸ್ವೀಡನ್ನಿನ ಸಂಶೋಧಕರು ಪರೀಕ್ಷಿಸಿ, 2007ರಲ್ಲಿ ಪ್ರಕಟಿಸಿದರು. ಲೀಟರಿಗೆ 31 ಮಿಲಿಗ್ರಾಂವರೆಗೂ ಸಿಪ್ರೊಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯಾಟಿಕ್ ಇತ್ತು. ಆ ನೀರು ಹೊಳೆ ಸೇರಿದರೆ ಅಲ್ಲಿನ ಬ್ಯಾಕ್ಟೀರಿಯಾ ಸುಮ್ನೆ ಇರುತ್ತಾ?

ಎಲ್ಲಕ್ಕಿಂತ ಜಾಸ್ತಿ ಬೇಸರ ತರಿಸೋದು ಲ್ಯಾಬಿನ ಸ್ಥಿತಿ. ಆಸ್ಪತ್ರೆಗೆ ಹೊಸ ಕಟ್ಟಡ ಬಂದರೆ ರಿಬ್ಬನ್ ಕತ್ತರಿಸೋಕೆ ಸಾಲು ನಿಲ್ಲುತ್ತಾರೆ. ಕಲ್ಚರ್ ಮಾಡುವ ಕೋಣೆ, ಅದನ್ನು ನಡೆಸುವ ಮೈಕ್ರೋಬಯಾಲಜಿಸ್ಟ್ ಬೇಕು ಅಂತ ಯಾರೂ ಧರಣಿ ಕೂರೋದಿಲ್ಲ. ಎಷ್ಟೋ ತಾಲ್ಲೂಕು ಆಸ್ಪತ್ರೆಗಳಲ್ಲಿ ಈ ಸೌಲಭ್ಯ ಇಲ್ಲದ್ದಕ್ಕೇ ಜನ ಖಾಸಗಿ ಲ್ಯಾಬಿಗೆ ಹೋಗಬೇಕು, ನಿಮ್ಮ ಸಾವಿರದ ಲೆಕ್ಕ ಶುರುವಾಗೋದೂ ಅಲ್ಲಿಂದಲೇ. ನಿಮ್ಮ ಪತ್ರದಲ್ಲಿ ಒಳ್ಳೆಯ ಕಸುವಿದೆ. ಅದೇ ಕಸುವಿನಲ್ಲಿ ನಿಮ್ಮ ಶಾಸಕರಿಗೂ, ಜಿಲ್ಲಾ ಆರೋಗ್ಯಾಧಿಕಾರಿಗೂ ಬರೆಯಿರಿ: ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಯೂರಿನ್ ಕಲ್ಚರ್ ಯಾವಾಗಿನಿಂದ ಮಾಡ್ತೀರಿ ಅಂತ ಕೇಳಿ. ಆ ಪತ್ರದ ಒಂದು ಪ್ರತಿಯನ್ನು ನಮಗೂ ಕಳಿಸಿ. ಅವರ ಉತ್ತರದ ಜೊತೆಗೇ ಅಚ್ಚು ಹಾಕುತ್ತೇವೆ.

— ಸಂ.